ನಾಲ್ಕು ಉದ್ದ, ಒಂದು ಚಿಕ್ಕದು

ಜನವರಿ 9

ಅಪ್ಪನಿಗೆ,

ಫೋನ್ ಇರುವಾಗ ಇವಳಿಗೇಕೆ ಕಾಗದದ ಹುಚ್ಚು ಎಂದು ನೀವು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಕೂಗಾಡುತ್ತೇವೆ. ನಾಲ್ಕನೇ ಮಾತಿಗೆ ನೀವು ಅಮ್ಮನ ಕೈಗೆ ಕೊಟ್ಟು ಹೋಗುತ್ತೀರಿ. ಅಮ್ಮ ಅಳುತ್ತಾಳೆ, ನಾನು ಕೇಳುತ್ತೇನೆ, ಅಷ್ಟೇ. ಕಾಗದವನ್ನಾದರೆ ಪೂರ್ತಿ ಓದಲೇಬೇಕು.

ತಮ್ಮ ಹೋಗಿ ಇವತ್ತಿಗೆ ಹತ್ತು ತಿಂಗಳು. ಅವನ ಬೈಕ್ ನಿಮ್ಮ ಗ್ಯಾರೇಜಿನ ಹಿಂದಿನ ಗೋಡೆಯ ಹತ್ತಿರ ಟಾರ್ಪಾಲಿನ ಕೆಳಗೇ ಇದೆ ಎಂದು ಅಮ್ಮ ಹೇಳಿದಳು. ಅದನ್ನು ಗುಜರಿಗೆ ಹಾಕಬೇಡಿ. ಅದರಿಂದ ನನಗೊಂದು ಉತ್ತರ ಬೇಕು.

ಆ ಗಾಡಿಗೆ ಹದಿನಾರು ವರ್ಷ. ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಬಂದ ಹೊಸದರಲ್ಲಿ ತಯಾರಾದದ್ದು. ಸೀಟಿನ ಕೆಳಗೆ ಸಾಬೂನಿನಷ್ಟು ದೊಡ್ಡ ಕಪ್ಪು ಡಬ್ಬಿ ಇದೆಯಲ್ಲ, ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಚಿಮ್ಮಬೇಕು ಎಂದು ಹೇಳುವುದು ಅದೇ. ಗಾಡಿಯಲ್ಲಿ ಏನಾದರೂ ಕೆಟ್ಟರೆ ಅದು ಒಂದು ನಂಬರನ್ನು ನೆನಪಿಟ್ಟುಕೊಳ್ಳುತ್ತದೆ. ಪಕ್ಕದ ಬಿಳಿ ಕನೆಕ್ಟರಿನ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ ಕೀ ತಿರುಗಿಸಿ. ಮೀಟರಿನ ಹಳದಿ ದೀಪ ಮಿನುಗುತ್ತದೆ. ಉದ್ದದ ಮಿನುಗಿಗೆ ಹತ್ತು, ಚಿಕ್ಕದಕ್ಕೆ ಒಂದು. ಐದು ಉದ್ದ, ಎರಡು ಚಿಕ್ಕದು ಬಂದರೆ ಐವತ್ತೆರಡು. ಅಂದರೆ ಗಾಡಿ ನೆಲಕ್ಕೆ ಬಿತ್ತು. ಅದು ಬಂದೇ ಬರುತ್ತದೆ. ನಾಲ್ಕು ಉದ್ದ, ಒಂದು ಚಿಕ್ಕದು ಬಂದರೆ ನಲವತ್ತೊಂದು. ಅಂದರೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ನಿಂತಿತು.

ಮೊದಲು ಆದದ್ದು ಮೊದಲು ಮಿನುಗುತ್ತದೆ. ಐವತ್ತೆರಡು ಮೊದಲು ಬಂದರೆ ಲಾರಿ ಬಡಿಯುವವರೆಗೂ ಗಾಡಿ ಸರಿಯಾಗಿ ಓಡುತ್ತಿತ್ತು. ನಲವತ್ತೊಂದು ಮೊದಲು ಬಂದರೆ ಗಾಡಿ ಅಡ್ಡರಸ್ತೆಯ ನಡುವೆ ತಾನಾಗಿಯೇ ನಿಂತಿದೆ, ಆಮೇಲೆ ಲಾರಿ ಬಂದಿದೆ. ಲಾರಿಯವನು ಒಂದು ಹೇಳಿದ, ಎದುರಿನ ಟೈರ್ ಅಂಗಡಿಯವರು ಇನ್ನೊಂದು ಹೇಳಿದರು. ಡಬ್ಬಿಗೆ ಯಾರ ಮುಲಾಜೂ ಇಲ್ಲ.

ಅಪಘಾತಕ್ಕೆ ಎಂಟು ದಿನ ಮುಂಚೆ ರಜೆಯಲ್ಲಿ ಬಂದು ಆ ಪಂಪ್ ಬದಲಿಸಿದ್ದು ನಾನು. ಅವನನ್ನು ಮನೆಗೆ ತಂದ ದಿನ ಬೀದಿಯವರೆಲ್ಲರ ಎದುರಿಗೆ ನೀವು "ನಿನ್ನ ಕೈಯ ಕೆಲಸ ಇದು" ಅಂದಿರಿ. ಹೌದೋ ಅಲ್ಲವೋ ನನಗೇ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಗೊತ್ತಾಗದೆ ನಾನು ಇನ್ನೊಂದು ಗಾಡಿಯನ್ನು ಧೈರ್ಯವಾಗಿ ಮುಟ್ಟಲಾರೆ.

ನಿಮ್ಮ ಮಗಳು

---

ಜನವರಿ 27

ಮಗಳಿಗೆ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ನಿಮ್ಮಮ್ಮ "ಬರೆದ್ರಾ, ಬರೆದ್ರಾ" ಎಂದು ದಿನಕ್ಕೆ ಮೂರು ಹೊತ್ತು ಪ್ರಾಣ ತಿಂದದ್ದಕ್ಕೆ ಕುಳಿತಿದ್ದೇನೆ.

ನೀನು ಕೇಳಿದ್ದು ಆ ಗಾಡಿಯಲ್ಲಿ ಉಳಿದಿಲ್ಲ. ಅದನ್ನು ತಂದು ಇಳಿಸಿದ ಕೂಡಲೇ ನಾನು ಬ್ಯಾಟರಿ ತಂತಿ ಬಿಚ್ಚಿದೆ. ಯಾಕೆ ಎಂದು ಕೇಳಬೇಡ. ಮೂವತ್ತೈದು ವರ್ಷದಿಂದ ಯಾವ ಗಾಡಿ ಒಳಗೆ ಬಂದರೂ ನನ್ನ ಕೈ ಮೊದಲು ಹೋಗುವುದೇ ಅಲ್ಲಿಗೆ. ನಿನಗೂ ನಾನು ಮೊದಲು ಕಲಿಸಿದ ಪಾಠ ಅದೇ. ಮಗ ಒಳಗೆ ನೆಲದ ಮೇಲೆ ಮಲಗಿದ್ದ. ನಾನು ಹೊರಗೆ ಬ್ಯಾಟರಿಯ ಬೋಲ್ಟ್ ಬಿಚ್ಚಲು ಹತ್ತನೇ ನಂಬರ್ ಪಾನಾ ಹುಡುಕುತ್ತಿದ್ದೆ. ಜನ ನೋಡಿ ಏನಂದುಕೊಂಡರೋ. ಹೋಗಲಿ. ಕರೆಂಟ್ ಹೋದ ಮೇಲೆ ನಿನ್ನ ಡಬ್ಬಿಗೆ ಯಾವ ನೆನಪು?

ನಾನು ಬಡಕೊಂಡದ್ದು ಒಂದೇ, ಹಳೆಯ ಇಂಜೆಕ್ಷನ್ ಗಾಡಿ ನಂಬಿಕೆಗೆ ಯೋಗ್ಯವಲ್ಲ ಎಂದು. ಕಾರ್ಬುರೇಟರ್ ಕೆಡುವ ಮುಂಚೆ ಕೆಮ್ಮುತ್ತದೆ, ಕುಂಟುತ್ತದೆ, ಹೊಗೆ ಬಿಡುತ್ತದೆ. ಹೇಗೋ ಮನೆ ಮುಟ್ಟಿಸಿ ಆಮೇಲೆ ಸಾಯುತ್ತದೆ. ಇದು ಹಾಗಲ್ಲ. ಚೆನ್ನಾಗಿಯೇ ಇರುತ್ತದೆ, ಚೆನ್ನಾಗಿಯೇ ಇರುತ್ತದೆ, ನಡುರಸ್ತೆಯಲ್ಲಿ ಕೈಕೊಡುತ್ತದೆ. ಗಾಡಿ ಕೊಳ್ಳುವಾಗ ನೀವು ಅಕ್ಕ ತಮ್ಮ ಸೇರಿಕೊಂಡು ನನ್ನನ್ನು ಗೇಲಿ ಮಾಡಿದಿರಿ. "ಅಪ್ಪ ಹಳೇ ಕಾಲದೋರು ಕಣೇ, ಚೋಕ್ ಎಳೀದಿದ್ರೆ ತಿಂದದ್ದು ಜೀರ್ಣ ಆಗಲ್ಲ" ಅಂದ ಕಪ್ಪೆ.

ಕಪ್ಪೆ ಎಂದು ಬರೆದು ಕೈ ನಿಂತಿತು. ಆ ಹೆಸರನ್ನು ಈ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿ ಎಷ್ಟು ದಿನವಾಯಿತು. ಮಣೆಯಿಂದ ಮಣೆಗೆ, ಮೆಟ್ಟಿಲಿಂದ ಬೀದಿಗೆ ಕುಪ್ಪಳಿಸುತ್ತಿದ್ದ ಹುಡುಗನಿಗೆ ಆ ಹೆಸರಿಟ್ಟದ್ದು ನೀನೇ.

ಸತ್ತ ಗಾಡಿಯನ್ನು ಕೆದಕಬೇಡ. ನಿನ್ನ ಕೆಲಸ ನೋಡಿಕೋ.

ಅಪ್ಪ

---

ಫೆಬ್ರವರಿ 14

ಅಪ್ಪನಿಗೆ,

ನಿಮ್ಮ ಕಾಗದ ಬಂದ ದಿನವೇ ಉತ್ತರ ಬರೆಯಬಹುದಿತ್ತು. ಪರೀಕ್ಷೆ ಮಾಡಿಯೇ ಬರೆಯೋಣ ಎಂದು ಕಾದೆ.

ಅದೇ ವರ್ಷದ, ಅದೇ ಗಾಡಿಯ ಡಬ್ಬಿ ಒಂದು ನಮ್ಮ ವರ್ಕ್‌ಶಾಪಿನಲ್ಲಿ ಸಿಕ್ಕಿತು. ಮೇಜಿನ ಮೇಲೆ ಎಲ್ಲ ತಂತಿ ಜೋಡಿಸಿಕೊಂಡೆ. ಮೊದಲು ಬೀಳುವುದನ್ನು ಗುರುತಿಸುವ ಸೆನ್ಸರನ್ನು ಮಗುಚಿ ಹಾಕಿ, ಆಮೇಲೆ ಪಂಪಿನ ತಂತಿ ಕಿತ್ತೆ. ಐವತ್ತೆರಡು, ನಲವತ್ತೊಂದು ಎಂದು ಮಿನುಗಿತು. ಅಳಿಸಿ, ಉಲ್ಟಾ ಮಾಡಿದೆ. ನಲವತ್ತೊಂದು, ಐವತ್ತೆರಡು. ಆಮೇಲೆ ಬ್ಯಾಟರಿ ಬಿಚ್ಚಿ ಒಂಬತ್ತು ದಿನ ಹಾಗೇ ಬಿಟ್ಟೆ. ಇವತ್ತು ಬೆಳಿಗ್ಗೆ ಮತ್ತೆ ಜೋಡಿಸಿದೆ. ಒಂದೂ ಮರೆತಿಲ್ಲ, ಸಾಲು ಕೂಡ ಬದಲಾಗಿಲ್ಲ. ಹಾಗಾಗಿ ನೀವು ಏನನ್ನೂ ಹಾಳು ಮಾಡಿಲ್ಲ. ಅವತ್ತಿನದು ಇನ್ನೂ ಅದರೊಳಗೇ ಇದೆ.

ನೀವು ಬ್ಯಾಟರಿ ಬಿಚ್ಚುತ್ತಿದ್ದುದನ್ನು ಅವತ್ತು ಬಾಗಿಲಲ್ಲಿ ನಿಂತು ನೋಡಿದ್ದೆ. ಈ ಮನುಷ್ಯನಿಗೆ ಕರುಳು ಇಲ್ಲವೇ ಎಂದು ಸಿಟ್ಟು ಬಂದಿತ್ತು. ನಿಮ್ಮ ಕಾಗದ ಓದಿದ ಮೇಲೆ ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು.

ನಮ್ಮ ಯಜಮಾನಿ ಇದೇ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವರು. ಅವರಿಗೆ ನಿಮ್ಮ ಕಾರ್ಬುರೇಟರ್ ಪುರಾಣ ಓದಿ ಹೇಳಿದೆ. ನಕ್ಕರು. "ನಿಮ್ಮಪ್ಪನಿಗೆ ಹೇಳು, ಹಳೇ ಇಂಜೆಕ್ಷನ್ ಗಾಡಿ ತನ್ನಷ್ಟಕ್ಕೆ ತಾನು ಸಾಯಲ್ಲ. ಹತ್ತರಲ್ಲಿ ಎಂಟು ಗಾಡೀಲಿ ಯಾರೋ ತಂತಿಗೆ ಕೈ ಹಾಕಿರ್ತಾರೆ" ಅಂದರು. ಇಂಜೆಕ್ಟರು, ಡಬ್ಬಿ ಇವೆಲ್ಲ ಗಟ್ಟಿ ಆಸಾಮಿಗಳು. ಕೈಕೊಡುವುದು ತುಕ್ಕು ಹಿಡಿದ ಕನೆಕ್ಟರು, ಸಡಿಲ ಬಿದ್ದ ಜಾಯಿಂಟು.

ಅವರು ನಗುತ್ತ ಹೇಳಿದರು, ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಹೋದೆ. ಆ ಗಾಡಿಯ ತಂತಿಗೆ ಕೈ ಹಾಕಿದವಳು ನಾನೊಬ್ಬಳೇ ಅಲ್ಲವೇ? ಪಂಪಿನ ಕನೆಕ್ಟರ್ ಟಕ್ ಎಂದು ಕೂತಿತೋ ಇಲ್ಲವೋ ಎಂದು ನೆನೆಸಿಕೊಂಡು ನೆನೆಸಿಕೊಂಡು ಹುಚ್ಚು ಹಿಡಿಯುವುದೊಂದು ಬಾಕಿ. ಒಂದು ದಿನ ಕೂತಿತು ಅನ್ನಿಸುತ್ತದೆ, ಮಾರನೆಯ ದಿನ ಇಲ್ಲ ಅನ್ನಿಸುತ್ತದೆ. ಅಪ್ಪಾ, ದಮ್ಮಯ್ಯ, ಒಂದು ಸಲ ಕೀ ತಿರುಗಿಸಿ. ಏನು ಬಂದರೂ ಹಾಗೆಯೇ ಬರೆಯಿರಿ. ನನ್ನನ್ನು ಉಳಿಸಲು ಹೋಗಬೇಡಿ.

ನಿಮ್ಮ ಮಗಳು

---

ಫೆಬ್ರವರಿ 25

ಮಗಳೇ,

ಚಿಕ್ಕವಳಿದ್ದಾಗ ನಿನಗೆ ಇಕ್ಕಳ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹಿಡಿದರೆ ಬಿಡುವ ಜಾತಿಯೇ ಅಲ್ಲ ನೀನು. ಆಯಿತು ಮಾರಾಯ್ತಿ, ನೋಡುತ್ತೇನೆ.

ನಿನ್ನ ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. ಕೊನೆಯ ಸಾಲು ಮುಗಿಯುವುದರೊಳಗೆ ಎದ್ದು ಹೋಗಿ ಟಾರ್ಪಾಲು ಎಳೆದು ಹಾಕಿದಳು. ಅಷ್ಟು ತಿಂಗಳಿಂದ ಆ ಕಡೆ ಬಟ್ಟೆ ಒಣಗಿಸಲೂ ಹೋಗದವಳು. ಗಾಡಿಯ ಮೇಲೆ ಹಲ್ಲಿ ಮೊಟ್ಟೆ ಇಟ್ಟಿತ್ತು. ನಾನು ಒರೆಸಿದೆ. ಬ್ಯಾಟರಿ ಸತ್ತಿದೆ, ಬೇರೆ ತರಿಸುತ್ತಿದ್ದೇನೆ. ಭಾನುವಾರ ಗ್ಯಾರೇಜ್ ಮುಚ್ಚಿರುತ್ತದೆ, ಅವತ್ತು ನೋಡುತ್ತೇವೆ. ನನ್ನ ಕಣ್ಣಿಗೆ ಪೊರೆ ಬಂದಿದೆ. ಮಿನುಗು ಎಣಿಸುವವಳು ನಿಮ್ಮಮ್ಮ. ಬೆಂಕಿಕಡ್ಡಿ ಇಟ್ಟುಕೊಂಡು ಎಣಿಸುತ್ತಾಳಂತೆ, ಉದ್ದಕ್ಕೆ ಇಡೀ ಕಡ್ಡಿ, ಚಿಕ್ಕದಕ್ಕೆ ಮುರಿದ ಕಡ್ಡಿ.

ಅವತ್ತು ನಾನು ಅಂದ ಮಾತು. ಅದನ್ನು ಹೇಗೆ ಬರೆಯಬೇಕೋ ತಿಳಿಯದು. ಹೊಟ್ಟೆಯಲ್ಲಿದ್ದ ಬೆಂಕಿ ಎದುರಿಗೆ ಸಿಕ್ಕವರ ಮೇಲೆ ಬಿತ್ತು, ಸಿಕ್ಕವಳು ನೀನು. ಆಡಿದ ಮೇಲೆ ನುಂಗಲಾಗಲಿಲ್ಲ. ಆ ನಂಬರು ಯಾವುದೇ ಬರಲಿ, ನಾನು ಹಾಗೆ ಅನ್ನಬಾರದಿತ್ತು.

ಇನ್ನೊಂದು, ನೀನೊಬ್ಬಳೇ ಕೈ ಹಾಕಿದ್ದು ಎಂದು ಕೊರಗಬೇಡ. ನೀನು ಹೊರಟ ಮಾರನೆಯ ದಿನ ನಾನೂ ಅದಕ್ಕೆ ಒಂದು ದೊಡ್ಡ ಹಾರ್ನ್ ಹಾಕಿಕೊಟ್ಟೆ. ಲಾರಿಗಳಿಗೆ ಹಾಕುತ್ತಾರಲ್ಲ, ಜೋಡಿ ಹಾರ್ನ್. ಆ ಅಡ್ಡರಸ್ತೆಯಲ್ಲಿ ಲಾರಿಯವರು ಕಣ್ಣು ಮುಚ್ಚಿಕೊಂಡು ನುಗ್ಗುತ್ತಾರೆ, ನನಗೆ ಅದೇ ಚಿಂತೆ. ಅವನಿಗೆ ಇಷ್ಟವಿರಲಿಲ್ಲ. "ಅಪ್ಪಾ, ಎಮ್ಮೆ ಕೂಗ್ದಂಗೆ ಕೂಗುತ್ತೆ, ಮಾನ ಹೋಗುತ್ತೆ" ಅಂದ. "ಎಮ್ಮೆಗಾದ್ರೂ ಜನ ದಾರಿ ಬಿಡ್ತಾರೆ, ಹೋಗೋ" ಅಂದೆ. ನಗುತ್ತ ಬೀದಿಯುದ್ದಕ್ಕೂ ಒತ್ತಿಕೊಂಡು ಹೋದ. ಟೈರ್ ಅಂಗಡಿಯವರು ಮೊನ್ನೆ ಸಿಕ್ಕಾಗ ಹೇಳಿದರು, ಆ ಹಾರ್ನ್ ಕೇಳಿಯೇ ಅವರು ತಲೆ ಎತ್ತಿದ್ದಂತೆ, ಲಾರಿ ಬರುವುದನ್ನು ನೋಡಿ ಅವನು ಒತ್ತಿದ ಕೈ ತೆಗೆಯಲೇ ಇಲ್ಲವಂತೆ. ಅಷ್ಟರ ಮಟ್ಟಿಗೆ ನಾನು ಹಾಕಿದ್ದು ಕೆಲಸಕ್ಕೆ ಬಂತು, ಅವನು ಸುಮ್ಮನೆ ಸಿಕ್ಕಿಬೀಳಲಿಲ್ಲ ಎಂದು ಒಂದು ಸಮಾಧಾನ.

ಅಪ್ಪ

---

ಮಾರ್ಚ್ 1

ಅಪ್ಪಾ,

ನಿಮ್ಮ ಕಾಗದ ಈಗಷ್ಟೇ ಕೈಗೆ ಬಂತು. ಅವಸರದಲ್ಲಿ ಬರೆಯುತ್ತಿದ್ದೇನೆ.

ಗಾಡಿ ನೋಡಬೇಡಿ. ಯೋಚನೆ ಮಾಡಿದೆ, ನೀವು ಹೇಳಿದ್ದೇ ಸರಿ. ಕೆದಕಿ ಆಗಬೇಕಾದ್ದು ಏನಿದೆ? ಟಾರ್ಪಾಲು ಮುಚ್ಚಿಬಿಡಿ. ನೋಡುವುದಿದ್ದರೂ ನಾನೇ ಬಂದು ನೋಡುತ್ತೇನೆ. ಅಷ್ಟು ತಿಂಗಳು ತೇವದಲ್ಲಿದ್ದ ಡಬ್ಬಿ, ಹಾಳಾಗಿರುತ್ತದೆ, ಏನೇನೋ ತೋರಿಸುತ್ತದೆ.

ಹಾರ್ನಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಅದಕ್ಕೆ ಬ್ಯಾಟರಿಯಿಂದಲೇ ಬೇರೆ ತಂತಿ ಎಳೆದಿರುತ್ತೀರಿ, ಅಲ್ಲವೇ? ಇರಲಿ, ಅದರ ಉತ್ತರವೂ ಬೇಡ.

ನಾನು ಚೆನ್ನಾಗಿದ್ದೇನೆ. ನಿದ್ದೆಯೂ ಬರುತ್ತಿದೆ. ದಯವಿಟ್ಟು ನೋಡಬೇಡಿ.

ಇಕ್ಕಳ

---

ಮಾರ್ಚ್ 9

ಮಗಳೇ,

ಇವತ್ತಿಗೆ ವರ್ಷ ತುಂಬಿತು.

ನಿನ್ನ ಕಾಗದ ಬರುವ ಮೊದಲೇ, ಭಾನುವಾರ ಮಧ್ಯಾಹ್ನ, ನಾವು ನೋಡಿಬಿಟ್ಟಿದ್ದೆವು. ನಿಮ್ಮಮ್ಮ ಗಾಡಿಯ ಎದುರಿಗೆ ಮಣೆ ಹಾಕಿಕೊಂಡು ಕೂತಳು. ನಾನು ಕೀ ತಿರುಗಿಸಿದೆ. ನೆಲದ ಮೇಲೆ ನಾಲ್ಕು ಇಡೀ ಕಡ್ಡಿ, ಒಂದು ಮುರಿದ ಕಡ್ಡಿ ಇಟ್ಟಳು. ಆಮೇಲೆ ಐದು ಇಡೀ ಕಡ್ಡಿ, ಎರಡು ಮುರಿದವು. ಎರಡನೇ ಸಲವೂ ಅದೇ. ನಲವತ್ತೊಂದು, ಆಮೇಲೆ ಐವತ್ತೆರಡು. ಗಾಡಿ ಮೊದಲು ನಿಂತಿತು, ಆಮೇಲೆ ಬಿತ್ತು.

ನಿಜ ಹೇಳುತ್ತೇನೆ, ಕೇಳು. ಆ ಕ್ಷಣ ನನಗೆ ಹಗುರವಾಯಿತು. ನಾನು ಅಂದದ್ದೇ ಸರಿ, ಪಂಪ್ ಬದಲಿಸಿದವಳು ಅವಳು ಎಂದುಕೊಂಡೆ. ಹೆತ್ತ ಅಪ್ಪ ಹಾಗೆ ಅಂದುಕೊಂಡೆ. ನಿಮ್ಮಮ್ಮ ಕಡ್ಡಿಗಳನ್ನೇ ನೋಡುತ್ತಿದ್ದಳು. ನಿನಗೆ ಹೇಗೆ ಬರೆಯುವುದು ಎಂದು ಎರಡು ದಿನ ಒದ್ದಾಡಿದೆ.

ಅಷ್ಟರಲ್ಲಿ ನಿನ್ನ ಕಾಗದ ಬಂತು. ಎರಡು ತಿಂಗಳು ನೋಡಿ ನೋಡಿ ಎಂದು ಕಾಡಿದವಳು ಇದ್ದಕ್ಕಿದ್ದ ಹಾಗೆ ಬೇಡ ಅನ್ನುತ್ತಾಳಲ್ಲ, ಇದೇನು? ಹಾರ್ನಿನ ಸಾಲನ್ನು ನಾಲ್ಕು ಸಲ ಓದಿದೆ. ಆಮೇಲೆ ಹೋಗಿ ಟ್ಯಾಂಕ್ ಎತ್ತಿದೆ.

ನಿನ್ನ ಕನೆಕ್ಟರ್ ಕೂತ ಹಾಗೇ ಇದೆ ಮಗಳೇ. ಎಳೆದರೂ ಬರಲಿಲ್ಲ. ಅದಕ್ಕೆ ಒಂದು ಗೇಣು ಹಿಂದೆ ನನ್ನ ಜಾಯಿಂಟ್ ಇದೆ. ನಾನು ಬ್ಯಾಟರಿಯಿಂದ ತಂತಿ ಎಳೆದಿರಲಿಲ್ಲ. ಕೀ ಹಾಕಿದರೆ ಕರೆಂಟ್ ಬರುವ ತಂತಿ ಯಾವುದು ಹತ್ತಿರ ಸಿಕ್ಕಿತೋ ಅದರ ಸಿಪ್ಪೆ ಕೊರೆದು, ಹಾರ್ನಿನ ತಂತಿ ಸುತ್ತಿ, ಟೇಪ್ ಹಾಕಿದೆ. ಕಾರ್ಬುರೇಟರ್ ಗಾಡಿಗಳಿಗೆ ಮೂವತ್ತೈದು ವರ್ಷ ಹಾಗೇ ಮಾಡಿದ್ದೇನೆ, ಒಂದೂ ನಿಂತಿಲ್ಲ. ಅವಕ್ಕೆ ಪೆಟ್ರೋಲ್ ತಾನಾಗಿ ಇಳಿಯುತ್ತದೆ. ಇದರಲ್ಲಿ ಆ ತಂತಿ ಪಂಪಿಗೆ ಹೋಗುವುದು ಎಂದು ನನಗೆ ಹೊಳೆಯಲೇ ಇಲ್ಲ. ಟೇಪ್ ಕರಗಿ ಅಂಟಾಗಿದೆ.

ಕೀ ತಿರುಗಿಸಿದೆ. ಟ್ಯಾಂಕಿನೊಳಗೆ ಪಂಪ್ ಗುಂಯ್ ಎಂದಿತು. ಹಾರ್ನ್ ಒತ್ತಿದೆ. ಕರೆಂಟೆಲ್ಲ ಹಾರ್ನೇ ಎಳೆದುಕೊಂಡು ಪಂಪಿನ ಸದ್ದು ನಿಂತಿತು. ಮತ್ತೆ ತಿರುಗಿಸಿ ಮತ್ತೆ ಒತ್ತಿದೆ. ಎಷ್ಟು ಸಲ ಮಾಡಿದೆನೋ. ಕೊನೆಗೆ ನಿಮ್ಮಮ್ಮ ಬಂದು ಕೈ ಹಿಡಿದುಕೊಂಡಳು.

ಲಾರಿ ಬಂತು ಎಂದು ಅವನು ಹಾರ್ನ್ ಒತ್ತಿದ. ಒತ್ತಿದ್ದಕ್ಕೇ ಗಾಡಿ ನಿಂತಿತು. ನಿಂತಿತು ಎಂದು ಇನ್ನೂ ಒತ್ತಿದ.

ನಿನ್ನ ಕೈಯ ಕೆಲಸ ಅಂದಿದ್ದೆ, ಎಲ್ಲರೆದುರಿಗೆ. ಈಗ ಯಾರನ್ನು ಕರೆದು ಹೇಳಲಿ? ನನ್ನ ಕೈಯ ಕೆಲಸ ಮಗಳೇ. ಅವನನ್ನು ಕಾಯಲಿ ಎಂದು ಹಾಕಿದ್ದು.

ಗ್ಯಾರೇಜಿನ ಬಾಗಿಲು ತೆಗೆಯದೆ ನಾಲ್ಕು ದಿನವಾಯಿತು. ಪಾನಾಗಳ ಪೆಟ್ಟಿಗೆಗೆ ಬೀಗ ಹಾಕಿದ್ದೇನೆ.

ಅಪ್ಪ

---

ಮಾರ್ಚ್ 16

ಅಪ್ಪಾ,

ನಾನು ಒಂದು ದೊಡ್ಡ ತಪ್ಪು ಮಾಡಿದ್ದೇನೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಮೊದಲು ಆದದ್ದು ಮೊದಲು ಮಿನುಗುತ್ತದೆ ಎಂದು ಬರೆದಿದ್ದೆನಲ್ಲ, ಅದು ಸರಿಯಲ್ಲ. ನಾನು ಪರೀಕ್ಷೆ ಮಾಡಿದ ಡಬ್ಬಿ ಮುಂದಿನ ವರ್ಷದ್ದಂತೆ, ಯಜಮಾನಿ ಮೊನ್ನೆ ನೋಡಿ ಹೇಳಿದರು. ನಮ್ಮ ಗಾಡಿಯದು ಅದಕ್ಕಿಂತ ಹಳೆಯದು. ಅದರಲ್ಲಿ ಚಿಕ್ಕ ನಂಬರು ಮೊದಲು, ದೊಡ್ಡ ನಂಬರು ಆಮೇಲೆ, ಅಷ್ಟೇ. ಯಾವುದು ಮೊದಲು ಆಯಿತು ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಲವತ್ತೊಂದು ಚಿಕ್ಕದು, ಐವತ್ತೆರಡು ದೊಡ್ಡದು. ಹಾಗಾಗಿ ಅದು ಏನನ್ನೂ ಹೇಳಿದ ಹಾಗಾಗಲಿಲ್ಲ.

ಟೇಪ್ ಕರಗಿದ್ದು ಗಾಡಿ ಬಿದ್ದ ಮೇಲೆ. ಬಿದ್ದಾಗ ಹ್ಯಾಂಡಲ್ ನೆಲಕ್ಕೆ ಒತ್ತಿಕೊಂಡು ಹಾರ್ನಿನ ಗುಂಡಿ ಸಿಕ್ಕಿಕೊಂಡಿರುತ್ತದೆ. ಬಹಳ ಹೊತ್ತು ಕರೆಂಟ್ ಹರಿದು ಜಾಯಿಂಟ್ ಸುಟ್ಟಿದೆ. ಪಂಪ್ ನಿಂತದ್ದೂ ಆವಾಗಲೇ. ಈಗ ನೀವು ಒತ್ತಿದಾಗ ನಿಲ್ಲುವುದು ಸುಟ್ಟ ಜಾಯಿಂಟಿನಿಂದ. ಅವತ್ತು ಬೆಳಿಗ್ಗೆ ಅದು ಹೊಸ ಜಾಯಿಂಟ್ ಅಪ್ಪಾ. ನೀವು ಸುತ್ತಿದ ಜಾಯಿಂಟ್ ನನಗೆ ಗೊತ್ತಿಲ್ಲವೇ? ಬೀದಿಯುದ್ದಕ್ಕೂ ಹಾರ್ನ್ ಒತ್ತಿಕೊಂಡು ಹೋದ ಎಂದು ನೀವೇ ಬರೆದಿದ್ದೀರಿ. ಆಗ ಗಾಡಿ ನಿಂತಿತೇ? ಇಲ್ಲವಲ್ಲ.

ಲಾರಿಯವನದೇ ತಪ್ಪು. ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಇದು ನನ್ನ ಕೆಲಸ, ಇಡೀ ದಿನ ಇದನ್ನೇ ಮಾಡುತ್ತೇನೆ, ನನ್ನ ಮಾತು ನಂಬಿ.

ಗ್ಯಾರೇಜ್ ತೆಗೆಯಿರಿ. ನಿಮ್ಮ ಕೈಯಲ್ಲೇ ನಾನು ಪಾನಾ ಹಿಡಿಯುವುದನ್ನು ಕಲಿತದ್ದು. ಏಪ್ರಿಲ್ ಮೊದಲ ವಾರ ರಜೆ ಕೇಳಿದ್ದೇನೆ.

ನಿಮ್ಮ ಇಕ್ಕಳ

---

ಮಾರ್ಚ್ 30

ನನ್ನ ಇಕ್ಕಳಕ್ಕೆ,

ನಿನ್ನ ಕಾಗದ ಓದಿ ನಾನೂ ಸುಮ್ಮನೆ ಕೂರಲಿಲ್ಲ. ಪರೀಕ್ಷೆ ಮಾಡದೆ ನಂಬುವ ಕುಲವಲ್ಲ ನಮ್ಮದು. ಡಬ್ಬಿಯ ಹಳೆಯ ನಂಬರುಗಳನ್ನು ಅಳಿಸಿದೆ. ಮೊದಲು ಗಾಡಿಯನ್ನು ಮೆಲ್ಲಗೆ ಮಗ್ಗುಲಿಗೆ ಮಲಗಿಸಿ, ಎತ್ತಿ, ಆಮೇಲೆ ಪಂಪಿನ ತಂತಿ ಕಿತ್ತೆ. ಕೀ ತಿರುಗಿಸಿದೆ. ನೀನು ಹೇಳಿದ ಹಾಗೇ ಬಂತು. ನಾಲ್ಕು ಉದ್ದ, ಒಂದು ಚಿಕ್ಕದೇ ಮೊದಲು. ಹಾಗಾದರೆ ನೀನು ಬರೆದದ್ದೇ ಸರಿ, ಆ ಡಬ್ಬಿಗೆ ಹಿಂದುಮುಂದು ತಿಳಿಯದು.

ಈಗ ಮನಸ್ಸಿಗೆ ಹಗುರವಾಗಿದೆ. ನಿನ್ನೆ ಗ್ಯಾರೇಜ್ ತೆಗೆದೆ. ನೀನು ಇನ್ನು ಮೇಲೆ ಆ ಕನೆಕ್ಟರ್ ನೆನೆಸಿಕೊಂಡು ನಿದ್ದೆ ಕೆಡಬೇಡ. ಗಟ್ಟಿ ಕೆಲಸ ಅದು, ನಾನು ಕಣ್ಣಾರೆ ನೋಡಿದ್ದೇನೆ. ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ, "ನನ್ನ ಮಗಳು ಹಾಕಿದ್ದು, ಎಳೆದ್ರೂ ಬರಲ್ಲ" ಎಂದು.

ರಜೆಗೆ ಬಾ. ಬಸ್ಸಿನಲ್ಲಿ ಬಾ.

ನಿಮ್ಮಪ್ಪ

ಮಗಳೇ, ಇದನ್ನು ಟಪಾಲು ಪೆಟ್ಟಿಗೆಗೆ ಹಾಕಲು ನಿಮ್ಮಪ್ಪ ನನ್ನ ಕೈಗೆ ಕೊಟ್ಟರು. ದಾರಿಯಲ್ಲಿ ದರ್ಜಿಯ ಅಂಗಡಿಯಲ್ಲಿ ಪೆನ್ನು ಕೇಳಿ ನಿಂತುಕೊಂಡೇ ಬರೆಯುತ್ತಿದ್ದೇನೆ. ಅವರಿಗೆ ಗೊತ್ತಿಲ್ಲ. ಅವರು ಗಾಡಿ ಮಲಗಿಸಿ ಪರೀಕ್ಷೆ ಮಾಡಿದ ದಿನವೂ ಕಡ್ಡಿ ಇಟ್ಟು ಎಣಿಸಿದವಳು ನಾನೇ. ಐದು ಇಡೀ ಕಡ್ಡಿ ಮೊದಲು ಬಂತು, ನೀನು ಮೊದಲ ಕಾಗದದಲ್ಲಿ ಬರೆದ ಹಾಗೇ. ನಂಬದೆ ಮೂರು ಸಲ ಮಾಡಿಸಿದರು, ಮೂರು ಸಲವೂ ಐದೇ ಮೊದಲು. ಬಹಳ ಹೊತ್ತು ಗಾಡಿಯ ಪಕ್ಕ ಕೂತಿದ್ದು, ಒಳಗೆ ಬಂದು ಕೈ ತೊಳೆದು ಈ ಕಾಗದ ಬರೆದರು. ನನಗೆ ಓದಿಯೂ ಹೇಳಿದರು. "ಅವಳು ನನಗೋಸ್ಕರ ಹಾಗೆ ಬರ್ದಿದಾಳೆ, ನಾನು ಅವಳಿಗೋಸ್ಕರ ಹೀಗೆ ಬರೀತೀನಿ, ನೀನು ಸುಮ್ನಿರು" ಅಂದರು. ನಾನು ಸುಮ್ಮನಿದ್ದೇನೆ. ನೀನೂ ಬಂದಾಗ ನಂಬಿದ ಹಾಗೇ ಇರು. ಕಡ್ಡಿಗಳನ್ನು ಗುಡಿಸಿ ಒಲೆಗೆ ಹಾಕಿದೆ. ಬೇಗ ಬಾ.

ಅಮ್ಮ